ಅಂಚಿಗೆ ಬಾರದ ನೀಲಿ

ನಮ್ಮ ಕುಲುಮೆಗೆ ಬರುವ ಗಿರಾಕಿಗಳಲ್ಲಿ ಎರಡು ಜಾತಿ. ಒಂದು ಗೋಡೆ ಗಿರಾಕಿ, ಇನ್ನೊಂದು ಬಯಲು ಗಿರಾಕಿ. ಈ ಹೆಸರುಗಳನ್ನು ಇಟ್ಟವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಗೋಡೆ ಗಿರಾಕಿಗೆ ಏಳೆಂಟುನೂರು ವರ್ಷದ ಹಿಂದಿನ ಸೈನಿಕನ ಕೈಯಲ್ಲಿದ್ದಂಥ ಕೊಡಲಿ ಬೇಕು. ಅಲಗು ಕಾಗದ ಸೀಳುವಷ್ಟು ಹರಿತವಾಗಿರಬೇಕು, ಮೈಮೇಲೆ ಸುತ್ತಿಗೆಯ ಏಟು ಕಾಣಬೇಕು. ಕೊಂಡುಹೋಗಿ ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾನೆ. ಧೂಳು ಒರೆಸುವ ಕೆಲಸ ಮಾತ್ರ ಹೆಂಡತಿಗೆ. ಬಯಲು ಗಿರಾಕಿಗೂ ಬೇಕಾದದ್ದು ಅದೇ ಹಳೇ ಕಾಲದ ಕೊಡಲಿ. ಆದರೆ ಇವನು ಕಬ್ಬಿಣದ ಬಳೆ ಹೆಣೆದ ಅಂಗಿ ತೊಟ್ಟು, ರಜದ ದಿನ ಬಯಲಿನಲ್ಲಿ ನಿಂತು, ತನ್ನಂಥ ಇನ್ನೊಬ್ಬನ ಮೇಲೆ ಅದನ್ನು ನಿಜವಾಗಿಯೂ ಬೀಸುತ್ತಾನೆ. ಹಾಗಾಗಿ ಅವನ ಕೊಡಲಿಯ ಅಂಚು ನಾಣ್ಯದಷ್ಟು ದಪ್ಪವಾಗಿ, ಮೊಂಡಾಗಿ ಇರಬೇಕು.

"ಒಬ್ಬ ಕೊಂಡು ಸುಮ್ಮನಿರ್ತಾನೆ, ಇನ್ನೊಬ್ಬ ಕೊಂಡು ಸುಮ್ಮನಿರಲ್ಲ. ಅನ್ನ ಹಾಕೋರು ಇಬ್ಬರೂ," ಎನ್ನುತ್ತಿದ್ದರು ಭಾವ.

ನಾನು ಕೊಡಲಿಗೆ ಕಾವು ಕೂರಿಸುವವನು. ಮರದ ಹಿಡಿಗೆ ಕಾವು ಎನ್ನುತ್ತಾರೆ, ಅದೇ ನನ್ನ ಅಡ್ಡಹೆಸರೂ ಆಯಿತು. ಕುಲುಮೆ ಹಿಂದಿನ ಕೋಣೆಯಲ್ಲಿ, ನನ್ನ ಕೀಸುಳಿ, ಉಳಿ, ಮರದ ಹೊಟ್ಟು ಎಲ್ಲ ಬೀದಿ ಕಡೆಯ ಮುಂದಿನ ಕೋಣೆಯಲ್ಲಿ. ಇಪ್ಪತ್ತೆರಡು ವರ್ಷ ನಡುವೆ ಒಂದು ಗೋಡೆ ಇಟ್ಟುಕೊಂಡು ಕೆಲಸ ಮಾಡಿದ್ದೇವೆ. ಗೋಡೆಯಾಚೆಯಿಂದ ಸುತ್ತಿಗೆ ಸದ್ದಿನ ಜೊತೆಗೇ ಭಾವನ ಮಾತು ತೂರಿ ಬರುತ್ತಿತ್ತು.

"ಲೇ ಕಾವು, ಬದುಕಿದ್ದೀಯಾ?"

"ನೀವು ಬಡಿಯೋದು ನಿಲ್ಲಿಸಿದ್ರೆ ಬದುಕ್ತೀನಿ ಭಾವ."

"ಕೊಡಲಿ ಕಾವು ಕುಲಕ್ಕೆ ಸಾವು ಅಂತ ದೊಡ್ಡವರು ಸುಮ್ನೆ ಹೇಳಿಲ್ಲ. ನಿನ್ನ ಅಕ್ಕನ್ನ ಕಟ್ಟಿಕೊಂಡ ದಿನಾನೇ ತಿಳೀಬೇಕಿತ್ತು ನಂಗೆ."

"ಆಗ ನಿಮಗೆ ಎರಡೂ ಕಣ್ಣು ಇತ್ತಲ್ಲ, ನೋಡಿಕೊಂಡೇ ಕಟ್ಟಿಕೊಂಡ್ರಿ," ಎಂದು ಅಕ್ಕ ಕುಲುಮೆಯ ಕಡೆಯಿಂದಲೇ ಕುಟುಕುತ್ತಿದ್ದಳು.

ಭಾವ ಭಾವಮೈದ ಸೇರಿದರೆ ಹೀಗೇ. ಆದರೆ ಅಕ್ಕನ ಆ ಕೊನೆಯ ಮಾತಿನಲ್ಲಿ ತಮಾಷೆಯಷ್ಟೇ ಇರಲಿಲ್ಲ. ಭಾವನ ಎಡಗಣ್ಣಿನ ಪೊರೆಯನ್ನು ನಾಲ್ಕು ವರ್ಷದ ಹಿಂದೆ ತೆಗೆಸಿದ್ದೆವು. ಅದಕ್ಕೆ ಕೀವು ಹಿಡಿದು ಕಣ್ಣೇ ಹೋಯಿತು. ಬಲಗಣ್ಣಿಗೂ ಪೊರೆ ಬಂದಾಗ, "ಇರೋದು ಒಂದು, ಅದನ್ನೂ ಜೂಜಿಗೆ ಇಡಲಾ?" ಎಂದವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ವರ್ಷ ಕಳೆಯುವುದರೊಳಗೆ ಆ ಕಣ್ಣಿನಲ್ಲಿ ಉಳಿದದ್ದು ಬೆಳಕು, ನೆರಳು, ಮನುಷ್ಯರ ಆಕಾರ. ಬಣ್ಣಗಳೆಲ್ಲ ಗೋಣಿತಾಟಿನ ಬಣ್ಣವೇ.

ಕಣ್ಣಿಲ್ಲದವರು ಕುಲುಮೆ ನಡೆಸುವುದು ಹೇಗೆ ಎಂದು ನೀವು ಕೇಳಬಹುದು. ಬಡಿಯುವುದಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ. ಕಾದ ಉಕ್ಕು ಸುತ್ತಿಗೆಗೆ ಹೇಗೆ ಉತ್ತರ ಕೊಡುತ್ತದೆ ಎಂದು ಕೈಗೇ ಗೊತ್ತಿತ್ತು. ಎಣ್ಣೆಗೆ ಅದ್ದುವಷ್ಟು ಕಾದಿದೆಯೇ ಎಂದು ನೋಡಲು ತಂತಿಗೆ ಕಟ್ಟಿದ ಅಯಸ್ಕಾಂತವಿತ್ತು. ಉಕ್ಕು ಸಾಕಷ್ಟು ಕಾದರೆ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಕಣ್ಣು ಬೇಕಾಗುತ್ತಿದ್ದದ್ದು ಒಂದೇ ಕೆಲಸಕ್ಕೆ, ಹದಕ್ಕೆ.

ಎಣ್ಣೆಯಲ್ಲಿ ಅದ್ದಿದ ಉಕ್ಕು ಗಾಜಿನಷ್ಟು ಗಡುಸಾಗುತ್ತದೆ, ಗಾಜಿನ ಹಾಗೇ ಸಿಡಿಯುತ್ತದೆ. ಆ ಗಡುಸನ್ನು ಬೇಕಾದಷ್ಟು ಇಳಿಸುವುದೇ ಹದ. ಅಲಗನ್ನು ಉಜ್ಜಿ ಹೊಳಪು ತಂದು, ಕೊಡಲಿಯ ಬೆನ್ನನ್ನು ಕೆಂಪಗೆ ಕಾದ ಕಬ್ಬಿಣದ ದಿಮ್ಮಿಯ ಮೇಲೆ ಇಡುತ್ತಾರೆ. ಬಿಸಿ ಬೆನ್ನಿನಿಂದ ಅಂಚಿನ ಕಡೆಗೆ ನಡೆದು ಬರುವಾಗ ಬಣ್ಣಗಳು ಮೆರವಣಿಗೆ ಹೊರಟಂತೆ ಹೊರಡುತ್ತವೆ. ಮುಂದೆ ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ಆಮೇಲೆ ನೇರಳೆ, ಎಲ್ಲಕ್ಕಿಂತ ಹಿಂದೆ ನೀಲಿ. ಗೋಡೆ ಗಿರಾಕಿಯ ಕೊಡಲಿಗೆ ಹಳದಿ ಅಂಚು ಮುಟ್ಟಿದರೆ ಸಾಕು, ನೀರಿಗೆ ಹಾಕಿ ನಿಲ್ಲಿಸಬಹುದು. ಬಯಲು ಗಿರಾಕಿಯದಕ್ಕೆ ಕೊನೆಯಲ್ಲಿ ಬರುವ ಆ ನೀಲಿ ಅಂಚಿನ ತನಕ ಬರಬೇಕು. ಆಗ ಏಟು ಬಿದ್ದರೆ ಅಂಚು ನೆಗ್ಗುತ್ತದೆ, ಚೂರು ಹಾರುವುದಿಲ್ಲ.

ಈ ಬಣ್ಣ ಓದುತ್ತಿದ್ದವಳು ಅಕ್ಕ. ಮೂರು ವರ್ಷದಿಂದ ಅವಳು ಭಾವನ ಪಕ್ಕ ನಿಂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಸರಿಯಾದ ಗಳಿಗೆಗೆ "ಬಂತು" ಎನ್ನುತ್ತಿದ್ದಳು. ಭಾವ ಇಕ್ಕಳದಲ್ಲಿ ಎತ್ತಿ ನೀರಿಗೆ ಬಿಡುತ್ತಿದ್ದರು. ಇದು ಮನೆಯ ಮೂವರಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಕುರುಡ ಹದ ಹಾಕಿದ ಕೊಡಲಿಯನ್ನು ಯಾರು ಕೊಳ್ಳುತ್ತಾರೆ? ಶಾಖದ ಮುಳ್ಳು ಇರುವ ವಿದ್ಯುತ್ ಒಲೆ ತರೋಣ ಎಂದು ಅಕ್ಕ ಒಮ್ಮೆ ಹೇಳಿ ನೋಡಿದ್ದಳು.

"ಬೇಕರಿ ಇಡ್ತೀನಾ ನಾನು? ಬೆಂಕಿ ನೋಡಿ, ಬಣ್ಣ ನೋಡಿ ಮಾಡಿದ್ದು ಅಂತಲೇ ಜನ ನಮ್ಮ ಹತ್ರ ಬರೋದು."

"ಬಣ್ಣ ನೋಡ್ತಿರೋದು ಯಾರಂತೆ?"

"ನೀನು ನಾನು ಬೇರೆಯೇನೇ?"

ಅಕ್ಕ ಆಮೇಲೆ ಒಲೆಯ ಮಾತೆತ್ತಲಿಲ್ಲ.

ಬಯಲು ಗಿರಾಕಿಗಳಲ್ಲಿ ನಮಗೆ ದೊಡ್ಡವನು ಸೇನಾಪತಿ. ವಾರವಿಡೀ ಹಲ್ಲಿನ ಡಾಕ್ಟರು, ಭಾನುವಾರ ಒಂದು ತಂಡಕ್ಕೆ ಸೇನಾಪತಿ. ಅವನ ತಂಡಕ್ಕೆ ಹನ್ನೆರಡು ಕೊಡಲಿ ಬೇಕಾಗಿತ್ತು. ಶುಕ್ರವಾರ ಬೆಳಗಿನ ಹೊತ್ತಿಗೆ ಏಳು ಕೊಡಲಿಯ ಹದ ಮುಗಿದಿತ್ತು, ಐದು ಬಾಕಿ. ಮೂರು ದಿನದಿಂದ ದವಡೆ ಹಿಡಿದುಕೊಂಡೇ ನಿಲ್ಲುತ್ತಿದ್ದ ಅಕ್ಕನಿಗೆ ಅಂದು ನೋವು ತಡೆಯಲಾಗಲಿಲ್ಲ. ಸೇನಾಪತಿಗೇ ಫೋನು ಮಾಡಿದೆವು.

"ತಕ್ಷಣ ಕಳಿಸಿ," ಎಂದ ಅವನು. "ಹಲ್ಲು ನಾನು ಕೀಳ್ತೀನಿ, ಕೊಡಲಿ ನೀವು ಮುಗಿಸಿ. ಭಾನುವಾರ ಯುದ್ಧ ನಿಲ್ಲಬಾರದು."

ಅಕ್ಕ ಕುಲುಮೆಯ ಬಾಗಿಲಲ್ಲಿ ನಿಂತು, ಊದಿದ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ನನಗೆ ಹೇಳಿದಳು: "ನೀನು ನಿಂತ್ಕೋ. ನೀಲಿ ಅಂಚಿಗೆ ಬರಲಿ, ಆಮೇಲೆ ಹೇಳು. ಅವಸರ ಮಾಡಬೇಡ." ನಾನು ತಲೆಯಾಡಿಸಿದೆ. ಆ ಮಾತು ನನ್ನ ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು. ನನ್ನ ಧ್ಯಾನ ಮಾತ್ರ ಮುಂದಿನ ಕೋಣೆಯಲ್ಲಿ ಬಿರುಕು ಬಿಟ್ಟಿದ್ದ ಒಂದು ಕಾವಿನ ಮೇಲಿತ್ತು.

ಹಿಂದಿನ ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದು ಕತ್ತಲು ಮಾಡಿರುತ್ತಾರೆ, ಕಾದ ಉಕ್ಕಿನ ಕೆಂಪು ಕಾಣಲಿ ಎಂದು. ಹದದ ಹೊತ್ತಿಗೆ ಮಾತ್ರ ಅದರ ಒಂದು ಮೂಲೆ ಎತ್ತಿ ಕಟ್ಟಿ ಅಲಗಿನ ಮೇಲೆ ಬೆಳಕು ಬೀಳಿಸುತ್ತಾರೆ. ನಾನು ಬಗ್ಗಿ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಬಣ್ಣ ಓಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಳದಿ ಬಂತು, ಸರಿದುಹೋಯಿತು, ಅದರ ಹಿಂದೆ ಕಂದು. ಆಮೇಲೆ ಅಲಗಿನ ನಡುವೆ ಇದ್ದಕ್ಕಿದ್ದಂತೆ ಆ ನೀಲಿ ಎದ್ದಿತು. ನವಿಲಿನ ಕುತ್ತಿಗೆಯ ನೀಲಿ. ಅದನ್ನು ಕಂಡವನಿಗೆ ಅಂಚೆಲ್ಲಿ ನೆನಪಾಗುತ್ತದೆ?

"ಬಂತು!" ಎಂದೆ.

ಭಾವ ಇಕ್ಕಳ ಹಿಡಿದವರು ಒಂದು ಕ್ಷಣ ತಡೆದರು. "ಇಷ್ಟು ಬೇಗನಾ?"

"ನೀಲಿ ಅಂದ್ರೆ ನೀಲಿ, ಭಾವ. ನವಿಲು ನವಿಲು."

"ನಿನ್ನ ಕಣ್ಣು ಹೊಸದಪ್ಪ, ಬೇಗ ಕಾಣುತ್ತೆ," ಎಂದು ನಕ್ಕು ನೀರಿಗೆ ಬಿಟ್ಟರು. ಚುಂಯ್ ಎಂದಿತು. ಮಿಕ್ಕ ನಾಲ್ಕಕ್ಕೂ ನಾನು ಹಾಗೆಯೇ ಹೇಳಿದೆ.

ಪ್ರತಿ ಕೊಡಲಿಯ ಅಂಚಿಗೂ ಭಾವ ತಾವೇ ಉಕ್ಕು ಉಜ್ಜುವ ಅರ ಎಳೆದು ಪರೀಕ್ಷೆ ಮಾಡುತ್ತಿದ್ದರು. ಹದ ಇಳಿದಿದ್ದರೆ ಅರ ಕಚ್ಚುತ್ತದೆ, ಇಳಿಯದಿದ್ದರೆ ಜಾರುತ್ತದೆ. ಅದಕ್ಕೆ ಕಣ್ಣು ಬೇಡ. ಅವತ್ತು ಅವರು ಅರ ಕೈಗೆತ್ತಿಕೊಳ್ಳುವ ಹೊತ್ತಿಗೆ ಫೋನು ಬಂತು. ಅಕ್ಕನ ಹಲ್ಲು ಬೇರಿನಲ್ಲಿ ಮುರಿದಿದೆ, ರಕ್ತ ನಿಲ್ಲುತ್ತಿಲ್ಲ, ಒಬ್ಬರು ಬನ್ನಿ ಎಂದು. ಭಾವನ ಮುಖ ಬಿಳಿಚಿಕೊಂಡಿತು. ಅರ ನನ್ನ ಕೈಗೆ ತುರುಕಿದರು.

"ನೀನೇ ಎಳೆದು ನೋಡು. ಕಚ್ಚಿದ್ರೆ ಹುಳಿನೀರಿಗೆ ಹಾಕು."

ಬೀದಿಯ ಆಟೋದವನನ್ನು ಕೂಗಿ ಹತ್ತಿಸಿ ಕಳಿಸಿದೆ. ಆಮೇಲೆ ಒಳಗೆ ಬಂದು ಅರ ಎಳೆದೆ. ಎಲ್ಲಿ ಎಳೆದೆ ಗೊತ್ತೆ? ನನಗೆ ಅಷ್ಟು ಹಿಡಿಸಿದ್ದ ಆ ನೀಲಿಯ ಮೇಲೆ, ಅಲಗಿನ ನಡುವೆ. ಕಚ್ಚಿತು. ಐದೂ ಕಚ್ಚಿದವು. ಹಳೆಯದರಂತೆ ಕಪ್ಪಾಗಲಿ ಎಂದು ಹನ್ನೆರಡನ್ನೂ ಹುಳಿನೀರಿನ ತೊಟ್ಟಿಗೆ ಹಾಕಿದೆ. ಮರುದಿನ ಬಣ್ಣವೆಲ್ಲ ಅಳಿಸಿ ಹನ್ನೆರಡೂ ಒಂದೇ ತಾಯಿ ಮಕ್ಕಳಂತೆ ಕಪ್ಪಗೆ ಕೂತಿದ್ದವು. ಕಾವು ಕೂರಿಸಿ, ಬೆಣೆ ಹೊಡೆದು, ಎಣ್ಣೆ ಸವರಿ ಕಳಿಸಿದೆ.

ಭಾನುವಾರ ಮಧ್ಯಾಹ್ನ ಸೇನಾಪತಿ ಬಂದ. ಮೈಮೇಲಿನ್ನೂ ಕಬ್ಬಿಣದ ಅಂಗಿ ಇತ್ತು. ಅದರ ತೋಳಿನ ಮೇಲೆ ರಕ್ತ ಒಣಗಿತ್ತು. ಕೆಲಸದ ಮೇಜಿನ ಮೇಲೆ ಒಂದು ಕೊಡಲಿ ಇಟ್ಟು ಕುರ್ಚಿಯಲ್ಲಿ ಕುಸಿದ.

"ಅಂಚು ಹಾರಿತು ಯಜಮಾನ್ರೇ. ಗುರಾಣಿಯ ಪಟ್ಟಿಗೆ ತಾಗಿದ್ದೇ ತಡ. ನಮ್ಮ ತಂಡದಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾನಲ್ಲ, ಚೂರು ಅವನ ಕೆನ್ನೆ ಒಳಗೆ ಹೊಕ್ಕಿದೆ. ಆಪರೇಷನ್ ಆಗ್ತಿದೆ."

ಭಾವ ಕೊಡಲಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಮುರಿದ ಜಾಗ ಸವರಿದರು. ಉಗುರಿನಷ್ಟು ಅರೆಚಂದ್ರ ಕಿತ್ತುಹೋಗಿತ್ತು. ಅರ ತರಿಸಿ ಪಕ್ಕದ ಅಂಚಿಗೆ ಎಳೆದರು. ಗಾಜಿನ ಮೇಲೆ ಉಗುರೆಳೆದ ಸದ್ದು.

"ಉಕ್ಕಿನ ತಪ್ಪು," ಎಂದರು ಸೇನಾಪತಿಗೆ. "ಒಂದು ಪಟ್ಟಿ ಕೆಟ್ಟದ್ದು ಬಂದಿರಬೇಕು. ಮಿಕ್ಕವನ್ನೂ ಯಾರೂ ಮುಟ್ಟೋದು ಬೇಡ. ನಾಳೆ ಬಂದು ಒಂದೊಂದನ್ನೂ ನೋಡ್ತೀನಿ."

ಅವನು ಹೋದ ಮೇಲೆ ನನ್ನ ಕೈ ಹಿಡಿದು ಮುರಿದ ಕೊಡಲಿಯ ಮೇಲೆ ಇಟ್ಟರು. "ನೀಲಿ ಎಲ್ಲಿ ನೋಡಿದೆ? ಬೆರಳಿಟ್ಟು ತೋರಿಸು."

ತೋರಿಸಿದೆ. ಅಂಚಿನಿಂದ ಎರಡು ಬೆರಳು ಹಿಂದೆ.

"ಅಂಚಿನಲ್ಲಿ ಏನಿತ್ತು?"

"ಹಳದಿ," ಎಂದೆ. ಹೇಳುತ್ತಿರುವಾಗಲೇ ಮಾಡಿದ್ದು ಏನೆಂದು ನನಗೆ ತಿಳಿಯಿತು.

ಅವರು ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. "ಬೇಗ ಆಯ್ತು ಅಂತ ನಂಗೆ ಅನ್ನಿಸಿತ್ತು ಕಣೋ," ಎಂದರು. "ಅನ್ನಿಸಿಯೂ ಅದ್ದಿದೆ. ಅದ್ದಿದ ಕೈ ನಂದು. ನೀನು ಇನ್ಮೇಲೆ ಇದರ ಬಗ್ಗೆ ಯಾರ ಹತ್ರಾನೂ ಬಾಯಿ ಬಿಡಬೇಡ, ನಿಮ್ಮಕ್ಕನ ಹತ್ರಾನೂ. ನನ್ನ ಕಥೆ ಮುಗೀತಾ ಬಂತು. ಕಾವು ಕೂರಿಸೋನಿಗೆ ಎಲ್ಲಾದ್ರೂ ಕೆಲಸ ಸಿಗುತ್ತೆ, ಹೆಸರು ಕೆಡಬಾರದು ಅಷ್ಟೆ."

ನಾನು ಹ್ಞೂಂ ಎಂದೆ. ಅಷ್ಟು ಸುಲಭವಾಗಿ ಹೇಳಿಬಿಟ್ಟೆ.

ಸೋಮವಾರ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹತ್ತು ಕೊಡಲಿ ಸಾಲಾಗಿ ಇಟ್ಟಿದ್ದರು. ಭಾವ ನೆಲದ ಮೇಲೆ ಕೂತು ಒಂದೊಂದಕ್ಕೂ ಅರ ಎಳೆದರು. ಏಳು ಕಚ್ಚಿದವು, ಅವು ಅಕ್ಕನ ಏಳು. ಮೂರು ಜಾರಿದವು. ಡ್ರೈವರನ್ನು ಆಸ್ಪತ್ರೆ ಸೇರಿಸಿದ ಕೊಡಲಿಯ ಜೊತೆ ನಾಲ್ಕಾಯಿತು. ಐದನೆಯದು ಇರಲಿಲ್ಲ.

"ಅದು ನಮ್ಮ ಲೆಕ್ಕದ ಮೇಷ್ಟ್ರದ್ದು," ಎಂದ ಸೇನಾಪತಿ. "ನಿನ್ನೆ ಗಲಾಟೆಗೆ ಮುಂಚೆ ಬೇರೆ ತಂಡದೋನಿಗೆ ಕೊಟ್ಟು ಒಂದು ಶಿರಸ್ತ್ರಾಣ ತಗೊಂಡನಂತೆ. ಹೆಸರು ಗೊತ್ತಿಲ್ಲ. ದೊಡ್ಡ ಗಡ್ಡ ಅಂತೆ."

"ಹುಡುಕಿ," ಎಂದರು ಭಾವ. ನಾನು ಅವರ ಅಂಥ ದನಿ ಕೇಳಿರಲಿಲ್ಲ. "ಅದು ಇನ್ನೊಬ್ಬರ ಮೇಲೆ ಬೀಳೋ ಮುಂಚೆ ಹುಡುಕಿ."

ಆ ವಾರದಲ್ಲೇ ಡ್ರೈವರನ್ನು ನೋಡಲು ಹೋದೆವು. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಆಳು. ಚೂರು ಮುಖದ ನರವನ್ನು ಕತ್ತರಿಸಿತ್ತು. ಮುಖದ ಅರ್ಧ ಸತ್ತುಹೋದಂತೆ ಜೋತುಬಿದ್ದಿತ್ತು. ನಮ್ಮನ್ನು ಕಂಡು ಇನ್ನರ್ಧದಲ್ಲಿ ನಕ್ಕ.

"ಬಿಡಿ ಯಜಮಾನ್ರೇ, ಯುದ್ಧಕ್ಕೆ ಹೋಗೋನು ಗಾಯಕ್ಕೆ ಅಳ್ತಾನಾ? ಇನ್ಮೇಲೆ ಅರ್ಧ ಗಡ್ಡ ಬೋಳಿಸಿದ್ರೆ ಸಾಕು."

ಹೊರಗೆ ಬಂದಾಗ ಅವನ ಹೆಂಡತಿ ಹಿಂದೆಯೇ ಬಂದಳು. "ಆ ಕಣ್ಣು ಮುಚ್ಚಲ್ಲ ರೀ. ನಿದ್ದೆಯಲ್ಲೂ ತೆರೆದೇ ಇರುತ್ತೆ. ಒಣಗಬಾರದು ಅಂತ ನಾನೇ ಪಟ್ಟಿ ಅಂಟಿಸ್ತೀನಿ. ಇನ್ನು ಬಸ್ಸು ಕೊಡಲ್ವಂತೆ," ಎಂದಳು. ಜಗಳಕ್ಕೆ ಬಂದಳೆಂದು ನಾನು ಹಿಂದೆ ಸರಿದಿದ್ದೆ. ಅವಳಿಗೆ ಜಗಳ ಬೇಕಿರಲಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಅಷ್ಟೆ.

ಭಾವ ದಾರಿಯುದ್ದಕ್ಕೂ ನನ್ನ ಭುಜ ಹಿಡಿದು ನಡೆದರು.

ಗಡ್ಡದವನ ಸುಳಿವು ಸಿಗಲಿಲ್ಲ. ಎಲ್ಲ ತಂಡಗಳೂ ಸೇರುವ ದೊಡ್ಡ ಕೂಟ ಮೂರು ವಾರಕ್ಕಿತ್ತು. ಅಲ್ಲಿಗೆ ಬಂದೇ ಬರುತ್ತಾನೆ ಎಂದ ಸೇನಾಪತಿ. ಆ ಮೂರು ವಾರ ಕುಲುಮೆಗೆ ಬೆಂಕಿ ಬೀಳಲಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ಭಾವ ತುತ್ತನ್ನು ತಟ್ಟೆಗೆ ವಾಪಸ್ ಇಡುತ್ತಿದ್ದರು. ಅಕ್ಕನಿಗೆ ಹೇಳಿದ್ದು ಅದೇ, ಉಕ್ಕು ಕೆಟ್ಟದ್ದು ಎಂದು. ಅವಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ, ನನ್ನ ಮುಖವನ್ನೂ ಒಮ್ಮೆ ನೋಡಿದಳು.

ಕೂಟದ ಬಯಲು ಊರ ಹೊರಗೆ. ಡೇರೆಗಳು, ಬಾವುಟಗಳು, ಚಹಾದ ಗಾಡಿ, ಮಕ್ಕಳಿಗೆ ಮರದ ಕತ್ತಿ ಮಾರುವವನು. ಹಗ್ಗ ಕಟ್ಟಿದ ಅಂಗಳದಲ್ಲಿ ಕಾಳಗ. ಭಾವ ಜೇಬಿನಲ್ಲಿ ಅರ ಇಟ್ಟುಕೊಂಡು ಡೇರೆಯಿಂದ ಡೇರೆಗೆ ಹೋದರು. "ನಿಮ್ಮ ಕೊಡಲಿ ಸ್ವಲ್ಪ ಕೊಡ್ತೀರಾ ಸ್ವಾಮಿ, ಒಂದೇ ಸಲ ಅರ ಎಳೀತೀನಿ," ಎಂದು ಎಲ್ಲರನ್ನೂ ಕೇಳಿದರು. ಜನ ನಕ್ಕರು. "ಅಜ್ಜ ಉಗುರಿಗೂ ಅರ ಹಾಕ್ತಾರಾ ಕೇಳ್ರೋ," ಎಂದ ಒಬ್ಬ. ಭಾವನಿಗೆ ಇನ್ನೂ ಅರವತ್ತು ತುಂಬಿರಲಿಲ್ಲ.

ಗಡ್ಡ ಸಿಕ್ಕಿದ್ದು ಮಧ್ಯಾಹ್ನ. ಲಿಫ್ಟ್ ರಿಪೇರಿ ಮಾಡುವವನಂತೆ, ಎದೆಯ ತನಕ ಗಡ್ಡ. ಕಾವು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನನ್ನದೇ ಕೈ. ಭಾವ ಅರ ಎಳೆದರು. ಜಾರಿತು. ಅವರ ಮುಖಕ್ಕೆ ಮೂರು ವಾರದ ಮೇಲೆ ಜೀವ ಬಂತು.

"ಇದನ್ನ ನಂಗೆ ಕೊಡಿ ಸ್ವಾಮಿ. ಇದರ ಬದಲು ಎರಡು ಮಾಡಿ ಕೊಡ್ತೀನಿ."

"ಯಾಕೆ?"

"ಇದರ ಹದ ಸರಿಯಿಲ್ಲ. ಚೂರು ಹಾರುತ್ತೆ."

ಗಡ್ಡ ಕೊಡಲಿಯನ್ನು ಬಿಸಿಲಿಗೆ ಹಿಡಿದ. "ಹದ ಸರಿಯಿಲ್ವಾ? ಮೂರು ವಾರದಿಂದ ಬಡೀತಿದ್ದೀನಿ, ಒಂದು ನೆಗ್ಗಿಲ್ಲ, ಒಂದು ಗೀರಿಲ್ಲ. ಇವನದು ನೋಡಿ, ಗರಗಸ ಆಗಿದೆ," ಎಂದು ಪಕ್ಕದವನದನ್ನು ತೋರಿಸಿದ. "ಇಂಥದ್ದು ಕೈಗೆ ಬರೋದೇ ಅಪರೂಪ."

"ಅದಕ್ಕೇ ಹೇಳ್ತಿರೋದು. ನೆಗ್ಗಬೇಕು ಅದು. ನೆಗ್ಗಿದ್ರೇನೇ ಒಳ್ಳೇದು."

"ಕೇಳಿದ್ರೇನ್ರೋ? ಯಜಮಾನ್ರು ಕೈತಪ್ಪಿ ಒಳ್ಳೇ ಮಾಲು ಕೊಟ್ಟುಬಿಟ್ಟಿದ್ದಾರಂತೆ, ವಾಪಸ್ ಬೇಕಂತೆ!"

ಡೇರೆಯೆಲ್ಲ ನಕ್ಕಿತು. ಸೇನಾಪತಿ ಡ್ರೈವರನ ಸುದ್ದಿ ಹೇಳಿದ. "ಅದು ಬೇರೆ ಕೊಡಲಿ ಅಲ್ವಾ? ಒಂದು ಪಟ್ಟಿ ಕೆಟ್ಟದ್ದು ಅಂದ್ರೆ ಎಲ್ಲವೂ ಕೆಟ್ಟದ್ದಾ?" ಎಂದ ಗಡ್ಡ. ಅಷ್ಟರಲ್ಲಿ ಸೀಟಿ ಕೇಳಿತು. ಶಿರಸ್ತ್ರಾಣ ಏರಿಸಿಕೊಂಡು ಅಂಗಳಕ್ಕೆ ನಡೆದೇಬಿಟ್ಟ.

ಎರಡು ಸಾಲು ಎದುರುಬದುರು ನಿಂತವು, ಇಪ್ಪತ್ತಿಪ್ಪತ್ತು ಜನ. ಭಾವ ಹಗ್ಗ ಹಿಡಿದು ನಿಂತಿದ್ದರು. ಅವರಿಗೆ ಕಾಣುತ್ತಿದ್ದದ್ದು ಹೊಳೆಯುವ ಗುಂಪು ಮಾತ್ರ. ಅದರಲ್ಲಿ ಗಡ್ಡ ಯಾರು, ಅವನೆದುರು ಯಾರು, ತಿಳಿಯುವಂತಿರಲಿಲ್ಲ. ಎರಡನೆಯ ಸೀಟಿಗೆ ಮುಂಚೆ ಅವರು ಹಗ್ಗದಡಿ ನುಸುಳಿ ಅಂಗಳದ ನಡುವೆ ನಡೆದರು, ಎರಡೂ ಕೈ ಮೇಲೆತ್ತಿ. ನಾನು ಹಿಂದೆಯೇ ಓಡಿದೆ.

"ನಿಲ್ಲಿ! ನಾನು ಕೊಡಲಿ ಮಾಡೋನು. ನಿಮ್ಮಲ್ಲಿ ಬಹಳ ಜನರ ಕೈಯಲ್ಲಿರೋದು ನಂದು. ನಂಗೆ ಕಣ್ಣು ಕಾಣಲ್ಲ. ಮೂರು ವರ್ಷದಿಂದ ಬಣ್ಣ ಕಾಣಲ್ಲ. ಬಣ್ಣ ನೋಡದೆ ಹದ ಹಾಕಕ್ಕೆ ಆಗಲ್ಲ, ಅದು ನಿಮಗೂ ಗೊತ್ತು. ಈ ಮೂರು ವರ್ಷದ ನನ್ನ ಯಾವ ಕೊಡಲಿ ಇದ್ರೂ ಕೆಳಗಿಡಿ. ದಮ್ಮಯ್ಯ ಅಂತೀನಿ."

ಎರಡೂ ಸಾಲು ನಿಂತಲ್ಲೇ ನಿಂತವು. ಚಹಾದ ಗಾಡಿಯ ಒಲೆಯ ಭುಸುಭುಸು ಕೇಳುತ್ತಿತ್ತು.

ಸೇನಾಪತಿ ಹತ್ತಿರ ಬಂದ. "ಯಜಮಾನ್ರೇ, ಹಾಗಾದ್ರೆ ಇಷ್ಟು ದಿನ ಬಣ್ಣ ನೋಡ್ತಿದ್ದೋರು ಯಾರು?"

ಈ ಪ್ರಶ್ನೆಗೆ ಉತ್ತರವಿತ್ತು. 'ನನ್ನ ಹೆಂಡತಿ ನೋಡುತ್ತಿದ್ದಳು, ಅವಳ ಕಣ್ಣು ತಪ್ಪಿದ್ದಿಲ್ಲ' ಎಂದು ಭಾವ ಹೇಳಿದ್ದರೆ ಸಾಕಿತ್ತು. ಆದರೆ ಆಗ ಮುಂದಿನ ಪ್ರಶ್ನೆ ಬರುತ್ತಿತ್ತು. ಹಾಗಾದರೆ ಆ ಐದನ್ನು ನೋಡಿದ್ದು ಯಾರು? ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನಾನು, ನಾನೊಬ್ಬನೇ, ಬರೀ ಐದು, ಮಿಕ್ಕವೆಲ್ಲ ಬಂಗಾರ. ಇಷ್ಟೇ ಮಾತು. ನನ್ನ ಬಾಯಿ ತೆರೆದಿತ್ತು ಕೂಡ. ಬಿಸಿಲಿಗೆ ನಾಲಗೆ ಒಣಗುವಷ್ಟು ಹೊತ್ತು ತೆರೆದೇ ಇತ್ತು.

"ಯಾರೂ ಇಲ್ಲ," ಎಂದರು ಭಾವ. "ಅಂದಾಜಿನ ಮೇಲೆ ಹಾಕ್ತಿದ್ದೆ."

ಮೊದಲು ಕೊಡಲಿ ಎಸೆದವನು ಗಡ್ಡ. ಭಾವನ ಕಾಲ ಬಳಿ ಬಿದ್ದಿತು. "ಥೂ, ಕುರುಡು ಅಂದಾಜಿಗೆ ನಮ್ಮ ತಲೆ ಕೊಟ್ಟಿದ್ವಾ," ಎಂದ. ಆಮೇಲೆ ಒಬ್ಬೊಬ್ಬರೇ ಬಂದು ಹಾಕಿದರು. ಕೆಲವರು ಎಸೆದರು, ಕೆಲವರು ಮೆಲ್ಲಗೆ ಇಟ್ಟು ಹೋದರು. ಮೆಲ್ಲಗೆ ಇಟ್ಟವರನ್ನು ನೋಡುವುದೇ ಕಷ್ಟವಾಯಿತು. ಮೊಣಕಾಲೆತ್ತರ ಗುಡ್ಡೆ ಬಿತ್ತು. ಅದರಲ್ಲಿ ಕೆಟ್ಟದ್ದು ಒಂದು.

ಮನೆಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಬಂದಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಯಾರೂ ಇಲ್ಲ ಅಂದ್ರಂತೆ," ಎಂದಳು ಗಂಡನಿಗೆ. "ಮೂರು ವರ್ಷ ನಿಂತೆ ನಾನು, ಜ್ವರ ಬಂದಾಗಲೂ ನಿಂತೆ. ಯಾರೂ ಇಲ್ವಾ ನಾನು?"

ಭಾವ ಗೋಡೆ ಸವರಿಕೊಂಡು ಒಳಗೆ ಹೋದರು.

ಮುಂದಿನ ವಾರಗಳಲ್ಲಿ ಗೋಡೆ ಗಿರಾಕಿಗಳೂ ಪಾರ್ಸೆಲ್ ಕಟ್ಟಿ ಕಳಿಸತೊಡಗಿದರು. ಗೋಡೆಗೆ ತೂಗುಹಾಕಿದ್ದು ಯಾರ ಕೆನ್ನೆಗೂ ಹಾರುವುದಿಲ್ಲ, ಆದರೂ ಬೇಡವಂತೆ. ಅಕ್ಕ ಅಂಗಳದಲ್ಲಿ ಕೂತು ಬಂದ ಬಯಲು ಕೊಡಲಿಗೆಲ್ಲ ಅರ ಎಳೆದಳು. ನಾನು ಎತ್ತಿ ಕೊಡುತ್ತಿದ್ದೆ. ಕಚ್ಚಿತು. ಕಚ್ಚಿತು. ಕಚ್ಚಿತು. ಒಂದೊಂದೂ ಕಚ್ಚಿದಾಗ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು.

"ಕೆಟ್ಟಿದ್ದು ಆ ಐದೇ," ಎಂದಳು ಕೊನೆಗೆ, ನನ್ನ ಕಡೆ ನೋಡದೆ. "ಆ ದಿನ ನಾನು ಹೊರಡೋವಾಗ ನಿಂಗೆ ಅಂಚು ಅಂತ ಹೇಳಿದ್ದೆ ತಾನೆ? ಹಲ್ಲುನೋವಿನಲ್ಲಿ ಬರೀ ನೀಲಿ ಬರಲಿ ಅಂದುಬಿಟ್ಟೆನಾ? ಎಷ್ಟು ನೆನೆಸಿಕೊಂಡ್ರೂ ನೆನಪಾಗ್ತಿಲ್ಲ ಕಣೋ. ನಿದ್ದೇನೇ ಬರಲ್ಲ. ನಾನು ಹೇಳದೇ ಹೋಗಿದ್ರೆ, ಆ ಡ್ರೈವರ್ ಮುಖ ನನ್ನ ಪಾಪ."

ಹೇಳಿದ್ದಳು. ಪದಪದವೂ ನನಗೆ ನೆನಪಿತ್ತು, ಇವತ್ತಿಗೂ ಇದೆ.

"ಗೊತ್ತಿಲ್ಲ ಅಕ್ಕ. ನಂಗೂ ನೆನಪಿಲ್ಲ," ಎಂದೆ.

ಅವಳು ತಲೆಯಾಡಿಸಿ ಅರವನ್ನು ಸೆರಗಿನಲ್ಲಿ ಒರೆಸಿದಳು. ಆ ದಿನದಿಂದ ಅವಳ ಬಾಯಿಂದ ಕುಟುಕು ಮಾತು ಬರಲೇ ಇಲ್ಲ. ಭಾವನಿಗೆ ಅನ್ನ ಬಡಿಸುತ್ತಾಳೆ, ಕೈ ಹಿಡಿದು ಬಚ್ಚಲಿಗೆ ಬಿಡುತ್ತಾಳೆ. ಆದರೆ ಒಬ್ಬರು ಇನ್ನೊಬ್ಬರನ್ನು ಏನೂ ಕೇಳುವುದಿಲ್ಲ. ಅವಳು ಕೇಳಿದರೆ ಅವರು ನನ್ನ ಹೆಸರು ಹೇಳಬೇಕಾಗುತ್ತದೆ, ಹಾಗಾಗಿ ಅವರು ಅವಳಿಂದ ಮುಖ ತಿರುಗಿಸುತ್ತಾರೆ. ತನ್ನದೇ ತಪ್ಪಿಗೆ ಗಂಡ ಮುಖ ತಿರುಗಿಸಿದ್ದಾನೆ ಎಂದು ಅವಳು ತಿಳಿದಿದ್ದಾಳೆ. ನಡುವೆ ಕೂತು ಮೂರು ಹೊತ್ತು ಉಣ್ಣುವವನು ನಾನು.

ಗುಜರಿಯವನು ಬಂದು ಗುಡ್ಡೆ ನೋಡಿದ. "ಕಬ್ಬಿಣ ತಗೋತೀನಿ, ಮರ ಬೇಡ. ಮರ ಬಿಡಿಸಿ ಇಡಿ, ನಾಳೆ ಗಾಡಿ ತರ್ತೀನಿ," ಎಂದ.

ಮಾರನೆಯ ಬೆಳಿಗ್ಗೆ ಕೂತೆ. ಬೆಣೆ ಹೊಡೆದು ಬಿಗಿದ ಕಾವು ಬಿಚ್ಚಿ ಬರುವುದಿಲ್ಲ. ಬರದಂತೆ ಕೂರಿಸುವುದೇ ನನ್ನ ವಿದ್ಯೆ. ಕೊಡಲಿಯ ಕೊರಳಿನ ಹತ್ತಿರ ಗರಗಸ ಹಾಕಿ ಕೊಯ್ದು, ತೂತಿನೊಳಗೆ ಉಳಿದ ಮರವನ್ನು ಉಳಿಯಿಂದ ಒಡೆದು ತೆಗೆಯಬೇಕು. ಭಾವ ಎದ್ದು ಬಂದು ನನ್ನೆದುರು ಚಕ್ಕಂಬಟ್ಟಲು ಹಾಕಿ ಕೂತರು. ಕೊಡಲಿಯ ತಲೆಯನ್ನು ಎರಡು ಕೈಯಲ್ಲಿ ಅದುಮಿ ಹಿಡಿದರು. ನಾನು ಕೊಯ್ದೆ. ಒಂದೊಂದನ್ನು ಹಿಡಿದಾಗಲೂ ಬೆರಳಿನಲ್ಲಿ ಸವರಿ ಗುರುತು ಹಿಡಿಯುತ್ತಿದ್ದರು.

"ಇದು ಮಳೆಗಾಲದಲ್ಲಿ ಮಾಡಿದ್ದು. ಕೆನ್ನೆ ಸ್ವಲ್ಪ ಡೊಂಕು... ಇದಕ್ಕೆ ನೀನು ಎಷ್ಟು ಜಗಳ ಆಡಿದ್ದೆ, ತೂತು ಚಿಕ್ಕದಾಯ್ತು ಅಂತ."

"ಹೌದು ಭಾವ."

ಮರದ ಪುಡಿ ಅವರ ಮೊಣಕಾಲ ಮೇಲೆ ಬೀಳುತ್ತಿತ್ತು. ಎಷ್ಟೋ ವಾರದ ಮೇಲೆ ಅವರು ನನ್ನ ಜೊತೆ ಹಳೆಯ ಹಾಗೆ ಮಾತಾಡುತ್ತಿದ್ದರು. ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ನನ್ನ ಪಕ್ಕದಲ್ಲಿ ಕೊಯ್ಯದೆ ಉಳಿದಿದ್ದದ್ದು ಒಂದು.

"ಇನ್ನೆಷ್ಟಿದೆಯೋ?" ಎಂದು ಕೇಳಿದರು.

"ಇನ್ನೂ ಬಹಳ ಇದೆ ಭಾವ," ಎಂದೆ.